ನಸ್ರೀನ್‌ಗೆ ಓದಿ ಹೇಳಿದ ಪ್ರೋಗ್ರಾಂಗಳು

ಸಿಂಚನಾ, ಮನು,

ಹೋದ ತಿಂಗಳು ಒಂದು ದಿನ ಊಟಕ್ಕೆ ಕುಳಿತಾಗ ನೀವಿಬ್ಬರೂ ಜೋರಾಗಿ ಮಾತಾಡಿಕೊಂಡಿರಿ. ಸಿಂಚನಾ, ನೀನು ಕಂಪ್ಯೂಟರ್ ಕೆಲಸಕ್ಕೆ ಸೇರಿ ಇನ್ನೂ ಸ್ವಲ್ಪ ದಿನ. ಆಗಲೇ ಬೇಜಾರು ಮಾಡಿಕೊಂಡಿದ್ದೀಯ.

"ಪ್ರೋಗ್ರಾಂ ಸರಿಯಾಗೇ ಓಡ್ತಿದೆ. ಆದ್ರೂ ವಾಪಸ್ ಕಳಿಸ್ತಾರೆ. ಹೆಸರು ಸರಿ ಇಲ್ವಂತೆ, ಸಾಲು ಉದ್ದ ಆಯ್ತಂತೆ, ನಡುವೆ ಜಾಗ ಬಿಟ್ಟಿಲ್ವಂತೆ. ನನ್ನೇನು ರಂಗೋಲಿ ಬಿಡಕ್ಕೆ ಸೇರಿಸ್ಕೊಂಡವ್ರಾ?" ಅಂದೆ.

ಮನು, ನೀನು ಇನ್ನೂ ಕಾಲೇಜು ಮುಗಿಸಿಲ್ಲ. ಆದರೂ ಅಕ್ಕನ ಪರ ವಹಿಸಿದೆ. "ಮಷೀನ್‌ಗೆ ಏನ್ ಕಣ್ಣಿದೆಯಾ ಅಂದ ನೋಡಕ್ಕೆ?" ಅಂದೆ.

ನಾನು ಮುದ್ದೆ ಇಡುತ್ತಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ನನಗೆ ಮಾತು ಬರುವುದು ಮೊದಲಿಂದಲೂ ತಡ. ಅಷ್ಟರಲ್ಲಿ ನೀವು ಕೈ ತೊಳೆದು ಎದ್ದಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ನನ್ನ ಮುಖ ಯಾರೂ ನೋಡುವುದಿಲ್ಲ, ಹಾಗಾಗಿ ಸ್ವಲ್ಪ ಧೈರ್ಯ ಬರುತ್ತದೆ.

ನಿಮ್ಮಜ್ಜಿ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಹೇಗೆ ಬಂದಳು ಎಂದು ನೀವು ಒಮ್ಮೆಯೂ ಕೇಳಿಲ್ಲ. ನಾನು ಓದಿದ್ದು ತುರುವೇಕೆರೆ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ, ಹತ್ತನೇ ಕ್ಲಾಸಿನವರೆಗೆ. ನಿಮ್ಮ ತಾತ ತೀರಿಹೋದಾಗ ನಿಮ್ಮಮ್ಮ ಇನ್ನೂ ಸ್ಲೇಟು ಹಿಡಿಯುವ ಮಗು. ಅವಳನ್ನು ಕರೆದುಕೊಂಡು ತಿಪಟೂರಿಗೆ ಬಂದೆ. ಮೊದಲು ಟೈಪಿಂಗ್ ಕಲಿತೆ. ಟೈಪಿಂಗ್ ಕಲಿಸುವವರೇ ಒಂದು ಕಂಪ್ಯೂಟರ್ ತಂದಿಟ್ಟರು. ಅದರ ಮುಂದೆ ಕೂರಲು ಯಾರೂ ಬರಲಿಲ್ಲ. ನಾನು ಕುಳಿತೆ. ಅದು ನನ್ನನ್ನು ಏನೂ ಕೇಳುತ್ತಿರಲಿಲ್ಲ, ಅದೇ ನನಗೆ ಹಿಡಿಸಿದ್ದು.

ಆಮೇಲೆ ಚಂದ್ರಯ್ಯ ಸಾರ್ ಆಫೀಸಿಗೆ ಸೇರಿದೆ. ಅವರು ಮೇಷ್ಟ್ರಾಗಿದ್ದವರು. ಕೆಲಸ ಬಿಟ್ಟು ಪ್ರೋಗ್ರಾಂ ಬರೆದುಕೊಡುವ ಚಿಕ್ಕ ಆಫೀಸು ಮಾಡಿದ್ದರು. ಹಾಲಿನ ಸಂಘಗಳು, ಹಿಂಡಿ ಬೂಸದ ಅಂಗಡಿಗಳು, ಒಂದೆರಡು ಕಾಲೇಜುಗಳು, ಇವೇ ನಮ್ಮ ಗಿರಾಕಿಗಳು. ಆಫೀಸು ಒಂದು ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿತ್ತು. ಬೇಸಿಗೆಯಲ್ಲಿ ಕಂಪ್ಯೂಟರಿನ ಕೀಲಿಗಳಿಗೂ ಕೊಬ್ಬರಿ ವಾಸನೆ ಬರುತ್ತಿತ್ತು. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಅನ್ನುವುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ನಿಮಗೇನೂ ಉಪಯೋಗವಿಲ್ಲ.

ಚಂದ್ರಯ್ಯ ಸಾರ್ ತುಂಬಾ ಚುರುಕು. ಪ್ರೋಗ್ರಾಂನಲ್ಲಿ ಎಲ್ಲಕ್ಕೂ ಒಂದೇ ಅಕ್ಷರದ ಹೆಸರಿಡುತ್ತಿದ್ದರು. ಹಾಲಿಗೆ ಎ, ಊರಿಗೆ ಬಿ, ಹಸುವಿಗೆ ಸಿ. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಇರುವೆ ಹೋಗಲೂ ಜಾಗವಿರುತ್ತಿರಲಿಲ್ಲ. "ನಾನ್ ಬರೆದಿದ್ದು ನಂಗೆ ಅರ್ಥ ಆದ್ರೆ ಸಾಕು ಕಣಮ್ಮ" ಅನ್ನುತ್ತಿದ್ದರು. ಒಂದು ದಿನ ಹಳೆಯ ಪ್ರೋಗ್ರಾಂ ಒಂದನ್ನು ತೆರೆದು ಬೆಳಗಿನಿಂದ ತಲೆ ಕೆರೆದುಕೊಂಡರು. ಮಧ್ಯಾಹ್ನಕ್ಕೆ ಮೇಜು ಕುಟ್ಟಿ, "ಯಾವನ್ಲಾ ಇದನ್ನ ಬರೆದೋನು? ಕೈ ಮುರೀಬೇಕು ಅವನ್ದು!" ಎಂದು ಕೂಗಿದರು. ಪಕ್ಕದ ಮೇಜಿನಿಂದ ನಸ್ರೀನ್ ತಣ್ಣಗೆ, "ಸಾರ್, ಮೇಲ್ಗಡೆ ನಿಮ್ಮ ಹೆಸರೇ ಇದೆ" ಅಂದಳು. ಸಾರ್ ಕನ್ನಡಕ ತೆಗೆದು ಒರೆಸಿಕೊಂಡು, "ಹಂಗಾದ್ರೆ ಕೈ ಬ್ಯಾಡ ಬುಡು" ಅಂದರು.

ಈ ನಸ್ರೀನ್ ಬಗ್ಗೆಯೇ ನಾನು ಬರೆಯಬೇಕಾಗಿರುವುದು. ಬಸ್‌ಸ್ಟ್ಯಾಂಡ್ ಹತ್ತಿರ ದರ್ಜಿ ಅಂಗಡಿ ಇಟ್ಟುಕೊಂಡಿದ್ದವರ ಮಗಳು. ತಂದೆ ಇರಲಿಲ್ಲ, ತಮ್ಮ ಹೊಲಿಯುತ್ತಿದ್ದ. ಮನೆ ನಡೆಯುತ್ತಿದ್ದುದು ಬಹುಪಾಲು ಅವಳ ಸಂಬಳದಲ್ಲಿ. ನನಗಿಂತ ಒಂದು ವರ್ಷ ಮೊದಲು ಸೇರಿದ್ದಳು. ನಾನು ಮಾತಾಡದಿದ್ದರೆ ನನ್ನ ಪಾಲಿನದನ್ನೂ ಅವಳೇ ಮಾತಾಡುತ್ತಿದ್ದಳು.

ನಾನು ಮಾಡಿದ ಮೊದಲ ದೊಡ್ಡ ತಪ್ಪು ಹೇಳುತ್ತೇನೆ. ಹಾಲಿನ ಸಂಘಗಳಿಗೆ ಹಿಂಡಿ ಕೊಂಡೊಯ್ಯುವ ಲಾರಿಗೆ ಒಂದು ಪ್ರೋಗ್ರಾಂ ಬರೆದೆ. ಒಂದೊಂದು ಊರಿಗೆ ವಾರದಲ್ಲಿ ಒಂದೊಂದು ದಿನ. ಬೆಳಗ್ಗೆ ಡ್ರೈವರ್ ಬಂದರೆ ಅವತ್ತಿನ ಊರುಗಳ ಚೀಟಿ ಅಚ್ಚಾಗಿ ಬರಬೇಕು. ವಾರದ ಪ್ರತಿ ದಿನಕ್ಕೂ ಪ್ರೋಗ್ರಾಂನಲ್ಲಿ ಒಂದು ಹೆಸರು ಬೇಕಲ್ಲ? ನಾವು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದಗಳನ್ನೇ ಬರೆಯುತ್ತಿದ್ದೆವು. ಭಾನುವಾರ ಎಂದು ಬರೆದೆ. ಅದರ ಮರುದಿನಕ್ಕೆ ಬಂದಾಗ ನನ್ನ ಕೈ ನಿಂತಿತು. ಆ ದಿನದ ಹೆಸರಿನಲ್ಲೇ ನಿಮ್ಮ ತಾತನ ಹೆಸರೂ ಇತ್ತು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ನಿಮಗೆ ಗೊತ್ತು. ನಾನು ಮದುವೆಯಾದ ಮೇಲೆ ಆ ದಿನವನ್ನೇ ಬಾಯಲ್ಲಿ ಹೇಳಿದವಳಲ್ಲ. ಬಸ್ಸಿನಲ್ಲಿ ಯಾರಾದರೂ ಕೇಳಿದರೂ "ಭಾನುವಾರದ ಮರುದಿನ" ಅನ್ನುತ್ತಿದ್ದೆ. ಅವರು ಹೋದ ಮೇಲಂತೂ ಆ ಅಕ್ಷರ ಒತ್ತಲು ಬೆರಳು ಏಳಲಿಲ್ಲ. ಅಲ್ಲಿ ‘ಅವತ್ತು’ ಎಂದು ಬರೆದು ಮುಂದೆ ಹೋದೆ. ಮಂಗಳವಾರದಿಂದ ಮತ್ತೆ ಸರಿಯಾಗಿ ಬರೆದೆ.

ಪ್ರೋಗ್ರಾಂ ಚೆನ್ನಾಗಿಯೇ ಓಡಿತು. ಕೆಲವು ತಿಂಗಳಾದ ಮೇಲೆ ನಮ್ಮಮ್ಮನಿಗೆ ಹುಷಾರಿಲ್ಲವೆಂದು ನಾನು ರಜೆ ಹಾಕಿದೆ. ಅದೇ ಸಮಯಕ್ಕೆ ರಸ್ತೆ ಕೆಲಸ ಶುರುವಾಗಿ ಲಾರಿಯ ದಿನಗಳನ್ನು ಬದಲಿಸಬೇಕಾಯಿತು. ನಸ್ರೀನ್ ನನ್ನ ಪ್ರೋಗ್ರಾಂ ತೆರೆದಳು. ‘ಅವತ್ತು’ ಅಂದರೆ ಲಾರಿ ಹಿಂದಿನ ಸಲ ಹೋದ ದಿನ ಇರಬೇಕೆಂದುಕೊಂಡು ಅದಕ್ಕೆ ತಕ್ಕ ಹಾಗೆ ತಿದ್ದಿದಳು. ಭಾನುವಾರದ ಮರುದಿನ ಡ್ರೈವರ್‌ಗೆ ಖಾಲಿ ಚೀಟಿ ಬಂತು. ಅವನು ಖುಷಿಯಾಗಿ ಮನೆಗೆ ಹೋದ. ಕಿಬ್ಬನಹಳ್ಳಿ ಕಡೆಯ ಹೆಂಗಸರು ಡೈರಿ ಮುಂದೆ ಚೀಲ ಹಿಡಿದು ಹೊತ್ತು ನೆತ್ತಿಗೆ ಬರುವ ತನಕ ನಿಂತಿದ್ದರು.

ಅವರಲ್ಲೊಬ್ಬ ಅಜ್ಜಿ ಬಸ್ ಹತ್ತಿ ತಿಪಟೂರಿಗೇ ಬಂದು, ಮಂಡಿ ಮೆಟ್ಟಿಲು ಹತ್ತಿ, ಖಾಲಿ ಚೀಲವನ್ನು ನಸ್ರೀನ್ ಮೇಜಿನ ಕಾಗದಗಳ ಮೇಲೆ ಹಾಕಿದಳಂತೆ.

"ಏನ್ ತಾಯಿ, ನಿಮ್ ಕಂಪ್ಯೂಟ್ರಿಗೆ ನಮ್ಮೂರು ಮರ್ತೋಯ್ತಾ? ನನ್ ಹಸ ಹೊಟ್ಟೆಗಿಲ್ದೆ ಒದರ್ತೈತೆ. ಈ ಪೇಪರ್ ತಿನ್ಸನಾ?"

ನಾನು ರಜೆ ಮುಗಿಸಿ ಬಂದಾಗ ನಸ್ರೀನ್ ಬೈಯಲಿಲ್ಲ. ಪರದೆ ಮೇಲೆ ಬೆರಳಿಟ್ಟು, "ಯಾವತ್ತು ಕಣೇ ಈ ‘ಅವತ್ತು’?" ಅಂದಳು. ನಾನು ತಲೆ ತಗ್ಗಿಸಿದೆ. ಅವಳು ಮೇಲಿನ ಹೆಸರು ನೋಡಿದಳು, ಕೆಳಗಿನದು ನೋಡಿದಳು. ಮೆತ್ತಗೆ, "ನಿಮ್ಮ ಯಜಮಾನ್ರ ಹೆಸರಾ?" ಎಂದು ಕೇಳಿದಳು. ನಾನು ಹೂಂ ಅಂದೆ.

"ಹೆಸರು ಇಡೋದೇ ಕೂಗಕ್ಕೆ ಕಣೇ. ನೀನು ಇಲ್ದಾಗ ನಾನು ಏನಂತ ಕೂಗ್ಲಿ ಇದನ್ನ?" ಅಂದಳು. ಆ ಪದವನ್ನು ಅವಳೇ ಅಳಿಸಿ ದಿನದ ಹೆಸರನ್ನು ಪೂರ್ತಿ ಬರೆದಳು. ಪ್ರೋಗ್ರಾಂನಲ್ಲಿ ಹೆಸರು ಯಾಕೆ ಪೂರ್ತಿಯಾಗಿ, ಎಲ್ಲರಿಗೂ ತಿಳಿಯುವ ಹಾಗೆ ಇರಬೇಕೆಂದು ನಾನು ಕಲಿತಿದ್ದು ಅವತ್ತೇ. ಯಾವ ಪುಸ್ತಕವೂ ಅದನ್ನು ನನಗೆ ಅಷ್ಟು ಚೆನ್ನಾಗಿ ಹೇಳಿಲ್ಲ.

ಅದಾದ ಒಂದೆರಡು ವರ್ಷಕ್ಕೆ ನಸ್ರೀನ್ ಸಂಜೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯತೊಡಗಿದಳು. ಆಮೇಲೆ ಪರದೆಯ ಅಂಚಿನ ಅಕ್ಷರಗಳು ಅವಳಿಗೆ ಸಿಗದಾದವು. ಕಣ್ಣಿನ ಹಿಂದಿನ ನರದ ಪದರ ಸವೆಯುತ್ತಿದೆ, ಔಷಧಿಯಿಲ್ಲ ಎಂದರಂತೆ ಡಾಕ್ಟರು. ಮಂಡಿಯಲ್ಲಿ ಕೊಬ್ಬರಿ ಒಡೆಯುವ ಹೆಂಗಸರು ಊಟಕ್ಕೆ ಎದ್ದ ಹೊತ್ತಿನಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದಳು.

"ಸಾರ್‌ಗೆ ಈಗ್ಲೇ ಹೇಳ್ಬೇಡ. ಈ ಕೆಲಸ ಹೋದ್ರೆ ಮನೇಲಿ ಕೂತು ಗುಂಡಿ ಕಾಜಾ ಹೊಲಿಯಕ್ಕೂ ಕಣ್ಣು ಬೇಕು ಕಣೇ. ನಂಗೆ ಇದು ಬೇಕು."

"ನಾನು ಓದಿ ಹೇಳ್ತೀನಿ" ಅಂದೆ. ಅಷ್ಟು ಬೇಗ ನಾನು ಯಾರಿಗೂ ಉತ್ತರ ಕೊಟ್ಟಿದ್ದಿಲ್ಲ.

ಹೀಗೆ ಶುರುವಾಯಿತು. ನಾನು ಪ್ರೋಗ್ರಾಂ ಓದುವುದು, ಅವಳು ಕಣ್ಣು ಮುಚ್ಚಿ ಕೇಳುವುದು, ಎಲ್ಲಿ ತಪ್ಪಿದೆ ಎಂದು ಅವಳು ಹೇಳುವುದು, ನಾನು ತಿದ್ದುವುದು. ಮೊದಲ ವಾರ ಇಬ್ಬರಿಗೂ ಅಳು ಬಂತು. ನಾವು ಅಷ್ಟು ದಿನ ಬರೆದಿದ್ದು ಯಾವುದೂ ಓದಿ ಹೇಳುವ ಹಾಗಿರಲಿಲ್ಲ. ಒಂದು ಸಾಲು ಮುಗಿಯುವಷ್ಟರಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಅವಳಿಗೆ ಸಾಲಿನ ತಲೆ ಮರೆತುಹೋಗುತ್ತಿತ್ತು. ಅವತ್ತಿಂದ ಸಾಲು ಒಂದು ಉಸಿರಿಗಿಂತ ಉದ್ದ ಇರಬಾರದು ಅಂದುಕೊಂಡೆವು.

ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವಾಗ ಅವಳಿಗೆ ತಿಳಿಯುತ್ತಿರಲಿಲ್ಲ. ನಮ್ಮತ್ತೆ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾಗಲೆಂದು ಕಾಯಿ ತುಂಬುವಾಗ ಹಳೇ ಕಾಯಿಗೂ ಹೊಸ ಕಾಯಿಗೂ ನಡುವೆ ತೆಂಗಿನ ಗರಿ ಅಡ್ಡ ಇಡುತ್ತಿದ್ದರು, ಕತ್ತಲಲ್ಲಿ ಕೈಯಾಡಿಸಿದರೂ ಗೊತ್ತಾಗಲಿ ಎಂದು. ಅದನ್ನು ಹೇಳಿದೆ. ಆಮೇಲೆ ನಾವು ಬಿಡುವ ಖಾಲಿ ಸಾಲಿಗೆ ‘ಗರಿ’ ಎಂದೇ ಹೆಸರಾಯಿತು. ಓದುವಾಗ ಖಾಲಿ ಸಾಲು ಬಂದರೆ "ಗರಿ" ಎಂದು ಹೇಳಿ ಉಸಿರು ತೆಗೆದುಕೊಳ್ಳುತ್ತಿದ್ದೆ. ಒಂದು ಸಾಲು ಇನ್ನೊಂದರ ಹೊಟ್ಟೆಯೊಳಗೆ ಸೇರಿದ್ದರೆ "ಒಳಕ್ಕೆ" ಅನ್ನುತ್ತಿದ್ದೆ, ಮುಗಿದರೆ "ಹೊರಕ್ಕೆ". ಸಾರ್ ಬರೆದ ಪ್ರೋಗ್ರಾಂ ಒಂದನ್ನು ಓದುವಾಗ ಒಳಕ್ಕೆ, ಒಳಕ್ಕೆ, ಒಳಕ್ಕೆ ಎಂದು ಹೇಳುತ್ತಲೇ ಹೋದೆ. "ಲೇ, ನಿಲ್ಸೇ! ಹಗ್ಗ ಇಲ್ದೆ ಬಾವಿಗೆ ಇಳಿಸ್ತಿದೀಯಲ್ಲ ನನ್ನ" ಅಂದಳು. ಮೂರು ಸಲಕ್ಕಿಂತ ಹೆಚ್ಚು ಒಳಕ್ಕೆ ಹೋದರೆ ಅವಳಿಗೆ ತಾನೆಲ್ಲಿದ್ದೇನೆಂದು ತಪ್ಪಿಹೋಗುತ್ತಿತ್ತು. ಹಾಗೆ ಆಳಕ್ಕೆ ಹೋದದ್ದನ್ನು ಹೊರಗೆ ತೆಗೆದು ಬೇರೆ ಹೆಸರು ಕೊಟ್ಟು ಇಡತೊಡಗಿದೆವು.

ಭಾನುವಾರದ ಮರುದಿನದ ಹೆಸರು ಬಂದ ಕಡೆ ಮಾತ್ರ ನಾನು ಓದುತ್ತಿರಲಿಲ್ಲ. ಸುಮ್ಮನೆ ನಿಲ್ಲುತ್ತಿದ್ದೆ. ಅವಳೇ ಹೇಳಿಕೊಳ್ಳುತ್ತಿದ್ದಳು. ನಾನು ಮುಂದೆ ಓದುತ್ತಿದ್ದೆ. ಅದಕ್ಕಾಗಿ ಅವಳು ಒಂದು ಸಲವೂ ನಗಲಿಲ್ಲ.

ಕೆಲವು ದಿನಕ್ಕೆ ಚಂದ್ರಯ್ಯ ಸಾರ್‌ಗೆ ತಿಳಿಯಿತು. ಬಾಗಿಲಲ್ಲಿ ನಿಂತು ನಾವು ಓದುವುದನ್ನು ಕೇಳಿ, "ಕೆಲ್ಸ ನಡೀತಾ ಐತಲ್ಲ, ನಡೀಲಿ ಬುಡಿ. ಇಷ್ಟು ದಿನ ಆಫೀಸು ಮಸಣ ಇದ್ದಂಗಿತ್ತು, ಈಗ ಭಜನೆ ಮನೆ ಇದ್ದಂಗೈತೆ" ಅಂದರು. ಅವರೂ ಒಂದಕ್ಷರದ ಹೆಸರು ಬಿಟ್ಟರು, ಅಷ್ಟಿಷ್ಟು.

ಟಿಪ್ಪಣಿ ಬರೆಯುವುದನ್ನೂ ಆಗಲೇ ಕಲಿತೆ. ಹುಳಿಯಾರಿನ ಕಡೆ ಒಂದು ಹಟ್ಟಿ. ಅಲ್ಲಿ ದನಗಳು ಗುಡ್ಡದಿಂದ ಹೊತ್ತು ಮುಳುಗಿದ ಮೇಲೆ ಬರುತ್ತವೆ. ಸಂಜೆ ಹಾಲು ಡೈರಿಗೆ ತಲುಪುವಷ್ಟರಲ್ಲಿ ಬಾಗಿಲು ಹಾಕಿರುತ್ತಾರೆ. ಅದಕ್ಕೆ ಆ ಊರಿನ ಸಂಜೆ ಹಾಲನ್ನು ಮರುದಿನ ಬೆಳಗಿನದಕ್ಕೆ ಸೇರಿಸುವ ಒಂದು ಸಾಲು ಬರೆದಿದ್ದೆವು. ನಾನು ಪಕ್ಕದಲ್ಲಿ, ‘ಇಲ್ಲಿ ಸಂಜೆ ಹಾಲನ್ನು ಬೆಳಗಿಗೆ ಸೇರಿಸಿದೆ’ ಎಂದು ಟಿಪ್ಪಣಿ ಹಾಕಿದ್ದೆ. ಓದಿದಾಗ ನಸ್ರೀನ್, "ಅದು ಸಾಲಲ್ಲೇ ಗೊತ್ತಾಯ್ತಲ್ಲ. ಯಾಕೆ ಸೇರಿಸ್ದೆ ಅಂತ ಹೇಳೇ" ಅಂದಳು. ಆಗ ದನ, ಗುಡ್ಡ, ಮುಚ್ಚಿದ ಬಾಗಿಲು ಎಲ್ಲವನ್ನೂ ಬರೆದೆ. ಏನು ಮಾಡಿದೆ ಎಂದು ಪ್ರೋಗ್ರಾಂ ತಾನೇ ಹೇಳಬೇಕು. ಯಾಕೆ ಮಾಡಿದೆ ಎಂದು ನಾವು ಹೇಳಬೇಕು.

ವರ್ಷಗಳು ಹೀಗೆ ಹೋದವು. ಕಪ್ಪು ಪರದೆ ಹೋಗಿ ಬಣ್ಣದ ಪರದೆ ಬಂತು. ನಸ್ರೀನ್‌ಗೆ ಎರಡೂ ಒಂದೇ ಆಗಿತ್ತು. ಬೆಳಗ್ಗೆ ತಮ್ಮ ಮೆಟ್ಟಿಲ ತನಕ ಬಿಡುತ್ತಿದ್ದ, ಮೇಲಕ್ಕೆ ಅವಳೇ ಹತ್ತುತ್ತಿದ್ದಳು. ಇಡೀ ಪ್ರೋಗ್ರಾಂ ಅವಳ ತಲೆಯಲ್ಲಿ ಮನೆಯ ಹಾಗೆ ಇರುತ್ತಿತ್ತು. ಯಾವ ಕೋಣೆ ಎಲ್ಲಿ, ಯಾವ ಬಾಗಿಲು ಎಲ್ಲಿಗೆ, ಎಲ್ಲ ಗೊತ್ತು.

ಆಮೇಲೆ ಚಂದ್ರಯ್ಯ ಸಾರ್‌ಗೆ ವಯಸ್ಸಾಯಿತು. ಆಫೀಸನ್ನು ತಮ್ಮ ತಂಗಿಯ ಮಗ ಪ್ರಕಾಶನಿಗೆ ಒಪ್ಪಿಸಿದರು. ಪ್ರಕಾಶ ಕೆಟ್ಟವನಲ್ಲ. ಅವನ ಮೇಲೆ ನಿಮಗೆ ಕೋಪ ಬರಬಾರದು. ಕೆಲಸ ಬಲ್ಲವನು. ಕಂಪ್ಯೂಟರಿನ ಹಳೆಯ ಭಾಷೆ ಬಿಟ್ಟು ಹೊಸ ಭಾಷೆಯಲ್ಲಿ ಬರೆಯದಿದ್ದರೆ ಆಫೀಸು ಮುಚ್ಚಬೇಕಾಗುತ್ತದೆ ಅಂದ, ಅದೂ ನಿಜವೇ. ರಾಜ್ಯದ ಬೇರೆ ಕಡೆಯಿಂದ ತಯಾರಾದ ಪ್ರೋಗ್ರಾಂ ತುಂಡುಗಳನ್ನು ತಂದು ಜೋಡಿಸಿದ. ಅದರಲ್ಲಿ ಹೆಸರುಗಳೆಲ್ಲ ಮೊಟಕು. ಟಿಪ್ಪಣಿಗಳನ್ನೆಲ್ಲ ತೆಗೆದ. ಹುಳಿಯಾರಿನ ದನ, ಗುಡ್ಡ ಓದಿ ನಕ್ಕ. "ಏನಮ್ಮಾ ಇದು, ಕಾದಂಬರಿ ಬರೀತಿದೀರಾ?" ಅಂದ. ಸಂಜೆ ಹಾಲಿನ ಸಾಲು ಅವನಿಗೆ ತಪ್ಪಿನಂತೆ ಕಂಡಿತು, ಅದನ್ನೂ ತೆಗೆದ. ಹಟ್ಟಿಯವರು ಸಂಜೆ ಹಾಲು ಎಲ್ಲಿ ಹೋಯಿತೆಂದು ಬಂದು ಕೂತ ಮೇಲೆ ಮತ್ತೆ ಹಾಕಿದ. ಅಷ್ಟರ ಮಟ್ಟಿಗೆ ಒಪ್ಪಿಕೊಳ್ಳುವ ಹುಡುಗ.

ಆದರೆ ನಸ್ರೀನ್‌ಗೆ ಆ ಹೊಸದು ಸಿಗಲಿಲ್ಲ. ನಾನು ಓದುತ್ತಿದ್ದೆ. ಉಚ್ಚರಿಸಲು ಬಾರದ ಹೆಸರುಗಳು, ಒಂದರ ಬಾಲಕ್ಕೆ ಇನ್ನೊಂದು. ಗರಿಯೇ ಇಲ್ಲ. ಅವಳು ಹಣೆ ಒತ್ತಿಕೊಂಡು ಕೇಳುತ್ತಿದ್ದಳು. "ಇನ್ನೊಂದ್ಸಲ ಓದು" ಅನ್ನುತ್ತಿದ್ದಳು. ಆಮೇಲೆ, "ಅರೆ, ಇನ್ನೊಂದೇ ಸಲ." ಕಣ್ಣು ಹೋದಾಗ ಹೆದರದವಳ ಮುಖದಲ್ಲಿ ಆಗ ಹೆದರಿಕೆ ನೋಡಿದೆ.

ಪ್ರಕಾಶ ಒಂದು ದಿನ ನಮ್ಮಿಬ್ಬರನ್ನೂ ಕರೆದ. ಅವನಿಗೂ ಹೇಳಲು ಕಷ್ಟವಾಗಿತ್ತು. "ಇಬ್ರು ಸೇರಿ ಒಬ್ರ ಕೆಲ್ಸ ಮಾಡ್ದಂಗೆ ಆಗ್ತಿದೆ. ನಾನೇನ್ ಮಾಡ್ಲಿ, ನೀವೇ ಹೇಳಿ" ಅಂದ. ಜೀವನದಲ್ಲಿ ಮೊದಲ ಸಲ ನಾನು ನಸ್ರೀನ್ ಪಾಲಿನದನ್ನು ಮಾತಾಡಿದೆ. "ಹೊಸ ಭಾಷೆಯಲ್ಲೇ ಇರಲಿ. ನಮ್ಮ ರೀತಿಯಲ್ಲಿ ಬರೆದು ತೋರಿಸ್ತೀನಿ. ಅದನ್ನ ಕೇಳಿದ್ರೆ ಅವಳಿಗೆ ಮೊದಲಿನ ಹಾಗೇ ಬರುತ್ತೆ. ಸಮಯ ಕೊಡಿ" ಅಂದೆ. "ಯುಗಾದಿ ತಂಕ ನೋಡೋಣ" ಅಂದ ಪ್ರಕಾಶ.

ನಾನು ಬರೆದೆ. ಮೊಟಕು ಹೆಸರುಗಳನ್ನು ಒಂದೊಂದಾಗಿ ತೆಗೆದು ಪೂರ್ತಿ ಹೆಸರು ಕೊಟ್ಟೆ. ಉದ್ದ ಸಾಲುಗಳನ್ನು ಮುರಿದೆ. ಆಳ ಬಾವಿಗಳನ್ನು ಹೊರಗೆ ತಂದೆ. ಹಗಲೆಲ್ಲ ನನ್ನ ಪಾಲಿನ ಕೆಲಸ, ಅದರ ನಡುವೆಯೇ ಇದು, ಇದರ ನಡುವೆ ಅವಳಿಗೆ ಓದುವುದು. ನನ್ನ ಧ್ವನಿ ಒಡೆಯಿತು. ಬಿಸಿನೀರು ಕುಡಿದು ಓದಿದೆ. ಮುಕ್ಕಾಲು ಪಾಲು ಮುಗಿದಿತ್ತು. ಅವಳು ಮತ್ತೆ ತಪ್ಪು ಹಿಡಿಯತೊಡಗಿದ್ದಳು. ಇನ್ನೇನು ದಡ ಸೇರಿದೆವು ಅಂದುಕೊಂಡೆ.

ಒಂದು ಮಧ್ಯಾಹ್ನ ಓದುತ್ತಿದ್ದಂತೆ ಅವಳು ನನ್ನ ಕೈ ಮೇಲೆ ಕೈಯಿಟ್ಟಳು. "ಬಸ್, ಸಾಕು ಬುಡು" ಅಂದಳು.

"ಇನ್ನೊಂದೇ ಪುಟ" ಅಂದೆ.

"ನನ್ ಕಣ್ಣು ಹೋಯ್ತು. ಈಗ ನಿನ್ ಗಂಟ್ಲೂ ಹೋದ್ರೆ ಇಬ್ರೂ ಸೇರಿ ಏನ್ ಮಾಡದು, ಹೇಳು? ನಿನ್ ಮಗಳು ಇನ್ನೂ ಓದ್ತಾವ್ಳೆ. ಪ್ರಕಾಶ್‌ಗೆ ಕೆಲ್ಸ ಬಿಡ್ತೀನಿ ಅಂತ ಬೆಳಗ್ಗೇನೇ ಹೇಳಿದೀನಿ ಕಣೇ."

ತಮ್ಮ ಬಂದು ಮೆಟ್ಟಿಲ ಕೆಳಗೆ ನಿಂತಿದ್ದ. ಅವಳು ಗೋಡೆ ಹಿಡಿಯದೆ ಇಳಿದಳು. ಆ ಮೆಟ್ಟಿಲು ಅವಳಿಗೆ ಅಷ್ಟು ಗೊತ್ತಿತ್ತು.

ಉಳಿದ ಕಾಲು ಭಾಗವನ್ನು ನಾನು ಮುಗಿಸಿದೆ. ಯಾಕೆ ಮುಗಿಸಿದೆನೋ ಗೊತ್ತಿಲ್ಲ. ಪ್ರಕಾಶ ಅದನ್ನು ನೋಡಿದ. ಹೊಸಬರು ಬಂದಾಗ ಬೇರೆಯದೆಲ್ಲ ತಿಂಗಳಾದರೂ ಅರ್ಥವಾಗದೆ, ಇದು ಮಾತ್ರ ಬೇಗ ಅರ್ಥವಾಗುವುದನ್ನೂ ನೋಡಿದ. "ಇನ್ಮೇಲೆ ಎಲ್ರೂ ಹಿಂಗೇ ಬರೀರಿ" ಎಂದು ನಿಯಮಗಳನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ. ಒಂದು ಉಸಿರಿನ ಸಾಲು. ಪೂರ್ತಿ ಹೆಸರು. ಮೂರು ಸಲಕ್ಕಿಂತ ಒಳಕ್ಕೆ ಬೇಡ. ಕೆಲಸದಿಂದ ಕೆಲಸಕ್ಕೆ ಒಂದು ಸಾಲು ಖಾಲಿ. ಮೂರೇ ಯಾಕೆ ಎಂದು ಹೊಸಬರು ಕೇಳಿದರೆ, "ರೂಲ್ಸ್ ಕಣ್ರೀ" ಅನ್ನುತ್ತಿದ್ದ. ಕೆಳಗಡೆ ನಸ್ರೀನ್ ಹೆಸರು ಹಾಕು ಅಂದೆ. ಹಾಕೋಣ ಅಂದ. ಅಷ್ಟರಲ್ಲಿ ಗೋಡೆಗೆ ಬಣ್ಣ ಬಳಿದರು. ಅವಳಿಗೆಂದು ಮಾಡಿದ ದಾರಿಯಲ್ಲಿ ಎಲ್ಲರೂ ನಡೆದರು, ಅವಳೊಬ್ಬಳನ್ನು ಬಿಟ್ಟು.

ಕೆಲವು ವರ್ಷಕ್ಕೆ ಫೋನೇ ಓದಿ ಹೇಳುವುದು ಬಂತು. ಅದನ್ನು ತೆಗೆದುಕೊಂಡು ಅವಳ ಮನೆಗೆ ಓಡಿದೆ. ನನ್ನ ಪ್ರೋಗ್ರಾಂ ಒಂದನ್ನು ಅದರಿಂದ ಓದಿಸಿದೆ. ಹೊಲಿಗೆ ಮಷೀನ್ ಸದ್ದಿನ ನಡುವೆ ಕಿವಿಗೊಟ್ಟು ಕೇಳಿದಳು. "ಚೆನ್ನಾಗಿ ಓದ್ತದೆ. ಆದ್ರೆ ಗರಿ ಬಂದಾಗ ಉಸಿರು ತಗೊಳಲ್ಲ ನೋಡು" ಅಂದಳು. ಆಮೇಲೆ ಅದನ್ನು ಕೈಯಲ್ಲಿ ತಿರುಗಿಸುತ್ತಾ, "ಒಂಚೂರು ಮುಂಚೆ ಬರಬೇಕಿತ್ತು ಕಣೇ ಇದು" ಅಂದಳು. ಮತ್ತೆ ಕೆಲಸಕ್ಕೆ ಬಾ ಎಂದು ನಾನು ಕರೆಯಬೇಕೆಂದಿದ್ದೆ. ಅಷ್ಟರಲ್ಲಿ ಆಫೀಸಿನಲ್ಲಿ ಇನ್ನೊಂದು ಭಾಷೆ ಬಂದಿತ್ತು.

ಈಗ ಯಂತ್ರವೇ ಪ್ರೋಗ್ರಾಂ ಬರೆದುಕೊಡುತ್ತದೆ ಅಂತೀರಿ. ಬರೆಯಲಿ. ಮನು, ಮಷೀನ್‌ಗೆ ಕಣ್ಣಿಲ್ಲ, ನಿಜ. ಅಂದವಾಗಿ ಬರೆಯುವುದು ಅದಕ್ಕಲ್ಲ. ಸಿಂಚನಾ, ನೀನು ಬರೆದಿದ್ದನ್ನು ನಾಳೆ ತೆರೆಯುವವರು ಯಾರೋ ನಿನಗೆ ಗೊತ್ತಿಲ್ಲ. ಆಗ ನೀನು ಪಕ್ಕದಲ್ಲಿ ಇರುವುದಿಲ್ಲ. ಅವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅನ್ನುವುದೂ ಗೊತ್ತಿಲ್ಲ. ಕಳಿಸುವ ಮುಂಚೆ ಒಂದು ಸಲ ಬಾಯಿಬಿಟ್ಟು ಓದು. ಎಲ್ಲಿ ತಡವರಿಸುತ್ತೀಯೋ ಅಲ್ಲಿ ತಿದ್ದು.

ಇಷ್ಟನ್ನು ಬರೆದು ಕಳೆದ ವಾರ ತಿಪಟೂರಿಗೆ ಹೋಗಿ ನಸ್ರೀನ್‌ಗೆ ಓದಿದೆ. ಚೀಲ ತಂದ ಅಜ್ಜಿಯ ಕಡೆ ಬಂದಾಗ ನಕ್ಕಳು. ಭಾನುವಾರದ ಮರುದಿನ ಎಂದು ನಾನು ಓದಿದ ಕಡೆಯೆಲ್ಲ ತುಟಿಯಲ್ಲೇ ಆ ದಿನದ ಹೆಸರು ಹೇಳಿಕೊಂಡಳು, ಹಳೆಯ ಅಭ್ಯಾಸ. ಮುಗಿದ ಮೇಲೆ ಕೇಳಿದಳು.

"ಲೇ, ಹೆಸರಿನ ಬಗ್ಗೆ ಇಷ್ಟುದ್ದ ಬರೆದಿದೀಯ. ಆ ಮನುಷ್ಯನ ಹೆಸರೆಲ್ಲೇ? ಬರೀ ‘ನಿಮ್ಮ ತಾತ, ನಿಮ್ಮ ತಾತ’."

"ಮಕ್ಕಳಿಗೆ ಗೊತ್ತು" ಅಂದೆ.

"ಗೊತ್ತಿರದು ಬೇರೆ. ನಿನ್ ಬಾಯಲ್ಲಿ ಕೇಳವ್ರಾ? ನಾನು ಹೋದ್ಮೇಲೆ ಆ ಜಾಗ ಬಂದಾಗ ನಿಂಗೆ ಯಾರೇ ಹೇಳ್ತಾರೆ?"

ಪೆನ್ನು ತೆಗೆದು ಅಲ್ಲೇ ಬರೆದೆ. ಬರೆದಿದ್ದನ್ನು ಅವಳಿಗೆ ಓದಬೇಕಲ್ಲ. ಓದಿದೆ.

ನಿಮ್ಮ ತಾತನ ಹೆಸರು ಸೋಮಣ್ಣ.

ನಸ್ರೀನ್ "ಗರಿ" ಅಂದಳು.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ. ಬೀರುವಿನಲ್ಲಿ ಮಡಿಚಿ ಇಟ್ಟರೆ ಸಾಲದು. ನಾನಿಲ್ಲದಾಗ ಬಸ್ಸು ಹತ್ತಿ ಹೋಗಿ ನಸ್ರೀನ್ ಕೇಳಿದಾಗಲೆಲ್ಲ ಓದಿ ಹೇಳಿ. ಅವಳಿಗೆಂದೇ ಸಾಲುಗಳನ್ನು ಚಿಕ್ಕದಾಗಿ ಬರೆದಿದ್ದೇನೆ. ನಿಧಾನವಾಗಿ ಓದಿ. ನಾನು ಜಾಗ ಬಿಟ್ಟ ಕಡೆ ಉಸಿರು ತೆಗೆದುಕೊಳ್ಳಿ.